ಬಾಡಿಗೆ ಕಾರಿನಲ್ಲಿ ಅಕ್ಕಲಕೋಟೆ: ಹತ್ತುವ ಮುನ್ನ ನಂಬರ್ ಪ್ಲೇಟ್ ನೋಡಿ

ಸೊಲ್ಲಾಪುರ: ಅಕ್ಕಲಕೋಟೆ ಎಂದೊಡನೆ ನೆನಪಾಗುವುದು ಸ್ವಾಮಿ ಸಮರ್ಥರು. ಆದರೆ 1948ರಲ್ಲಿ ಮುಂಬಯಿ ಪ್ರಾಂತ್ಯದೊಂದಿಗೆ ವಿಲೀನವಾಗುವವರೆಗೆ ಈ ಊರು ಭೋಸಲೆ ಮನೆತನದ ಸಂಸ್ಥಾನದ ರಾಜಧಾನಿಯೂ ಆಗಿತ್ತು. ದರ್ಶನ ಮುಗಿಸಿದವರು ಅರಮನೆ ಮತ್ತು ಶಸ್ತ್ರಾಗಾರವನ್ನೂ ನೋಡಿ ಬರಬಹುದು.

ಸೊಲ್ಲಾಪುರದಿಂದ ಅಲ್ಲಿಗೆ ಸುಮಾರು 40 ಕಿ.ಮೀ. ಎಸ್‌ಟಿ ಬಸ್ಸುಗಳಿವೆ. ರೈಲನ್ನು ನಂಬಿದವರು ಗಮನಿಸಬೇಕು: ಅಕ್ಕಲಕೋಟೆ ರೋಡ್ ನಿಲ್ದಾಣ ಊರಿನಿಂದ 10 ಕಿ.ಮೀ.ಗೂ ಹೆಚ್ಚು ದೂರದಲ್ಲಿದೆ. ವಯಸ್ಸಾದವರು, ಮಕ್ಕಳು ಜತೆಗಿದ್ದರೆ ಸೊಲ್ಲಾಪುರದಲ್ಲೇ ಕಾರು ಹಿಡಿಯುವುದು ಲೇಸು. ಬೆಳಿಗ್ಗೆ ಸಿದ್ಧೇಶ್ವರ ದೇವಸ್ಥಾನ, ಹತ್ತಿರದ ಭುಯಿಕೋಟ್ ಕೋಟೆ ನೋಡಿ ಹೊರಟರೆ ಒಂದೇ ದಿನದಲ್ಲಿ ಎರಡೂ ಊರು ಮುಗಿಯುತ್ತವೆ.

ಆದರೆ ಕಾರು ಯಾವುದು? ಹಳದಿ ಪ್ಲೇಟಿನ ಮೇಲೆ ಕಪ್ಪು ಅಕ್ಷರವಿದ್ದರೆ ಟ್ಯಾಕ್ಸಿ. ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರವಿದ್ದರೆ ನೀವೇ ಓಡಿಸಲು ಬಾಡಿಗೆಗೆ ಕೊಡುವ ವಾಹನ. ಬಿಳಿ ಪ್ಲೇಟಿನ ಮೇಲೆ ಕಪ್ಪು ಅಕ್ಷರವಿದ್ದರೆ ಅದು ಖಾಸಗಿ ಕಾರು. ಅದನ್ನು ಬಾಡಿಗೆಗೆ ಓಡಿಸುವಂತಿಲ್ಲ. ನಾಲ್ಕು ಕಾಸು ಉಳಿಯಿತೆಂದು ಅದನ್ನು ಹತ್ತಿದರೆ, ಅಪಘಾತವಾದಾಗ ವಿಮಾ ಕಂಪನಿ ತಕರಾರು ತೆಗೆಯಬಹುದು. ಆಗ ಪರಿಹಾರಕ್ಕಾಗಿ ಅಲೆಯುವವರು ಪ್ರಯಾಣಿಕರೇ.

ಅಕ್ಕಲಕೋಟೆಯಿಂದ ಗಾಣಗಾಪುರಕ್ಕೋ, ಆದಿಲಶಾಹಿಗಳ ರಾಜಧಾನಿಯಾಗಿದ್ದ ವಿಜಯಪುರಕ್ಕೋ ಹೋಗುವ ಮನಸ್ಸಿದ್ದರೆ ಅದನ್ನು ಮೊದಲೇ ಹೇಳಿ. ಗಡಿ ದಾಟಿದರೆ ಕರ್ನಾಟಕ. ಮಹಾರಾಷ್ಟ್ರದ ಟ್ಯಾಕ್ಸಿಗೆ ಅಲ್ಲಿಯೂ ನಡೆಯುವ ಪರವಾನಗಿ ಇರಬೇಕು. ದಿನಕ್ಕೆ ಕನಿಷ್ಠ ಎಷ್ಟು ಕಿ.ಮೀ. ಲೆಕ್ಕ, ಚಾಲಕನ ಭತ್ಯೆ ಎಷ್ಟು, ಟೋಲ್ ಯಾರದು ಎಂಬುದನ್ನೂ ಹೊರಡುವ ಮುನ್ನವೇ ಬರೆಸಿಕೊಂಡರೆ ವಾಪಸು ಬಂದಾಗ ಜಗಳವಿಲ್ಲ.