ವೈದ್ಯಕೀಯ ಕಾಲೇಜನ್ನು ಆರಿಸುವ ಬಗೆ

ಧಾರವಾಡದ ಸಪ್ತಾಪುರವು ವಿದ್ಯಾರ್ಥಿಗಳ ಬಡಾವಣೆ. ತರಬೇತಿ ತರಗತಿಗಳ ಫಲಕಗಳು, ಬಾಡಿಗೆಯ ಕೋಣೆಗಳು, ಖಾನಾವಳಿಗಳು—ಇವೇ ಅಲ್ಲಿ ಕಣ್ಣಿಗೆ ಬೀಳುವಂಥವು. ನೀಟ್ ಪರೀಕ್ಷೆಯ ಫಲಿತಾಂಶವು ಹೊರಬಿದ್ದ ಮೇಲೆ ಕೆಲವು ವಾರಗಳ ಕಾಲ ಇಂಥ ಬಡಾವಣೆಯ ಮನೆಗಳಲ್ಲಿ ಒಂದೇ ವಿಚಾರ ನಡೆದಿರುತ್ತದೆ. ಮಗಳಿಗೆ ಎಂ.ಬಿ.ಬಿ.ಎಸ್. ದೊರೆಯುವಷ್ಟು ಅಂಕಗಳು ಬಂದಿವೆ. ಆದರೆ ಸೇರುವುದು ಎಲ್ಲಿ? ತಂದೆಗೆ ಹಣದ ಚಿಂತೆ; ತಾಯಿಗೆ ದೂರದ ಚಿಂತೆ. ಮಗಳಿಗೆ ಮಾತ್ರ ಐದೂವರೆ ವರ್ಷಗಳ ಆಚೆಯ ಚಿಂತೆ. “ಅಪ್ಪಾ, ಮುಂದೆ ಎಂ.ಡಿ. ಮಾಡಬೇಕಾದರೆ ಯಾವ ಕಾಲೇಜು ಒಳ್ಳೆಯದು?” ಎಂದು ಅವಳು ಕೇಳುತ್ತಾಳೆ.

ಅಮೆರಿಕದಲ್ಲಿ ನೆಲಸಿರುವ ಕನ್ನಡ ಮನೆತನಗಳಲ್ಲಿಯೂ ಇದೇ ಪ್ರಶ್ನೆ ಬೇರೊಂದು ವೇಷದಲ್ಲಿ ಏಳುವುದುಂಟು. ಅಲ್ಲಿಯ ಹುಡುಗನಿಗೆ ಆಸ್ಟಿಯೋಪಥಿಯ ವೈದ್ಯಕೀಯ ಕಾಲೇಜೊಂದರಲ್ಲಿ ಪ್ರವೇಶ ದೊರೆತಿದ್ದರೆ, ಅಲ್ಲಿ ಓದಿದವನಿಗೆ ಮುಂದೆ ಒಳ್ಳೆಯ ಆಸ್ಪತ್ರೆಯಲ್ಲಿ ರೆಸಿಡೆನ್ಸಿ, ಎಂದರೆ ತಜ್ಞವೈದ್ಯನಾಗುವ ತರಬೇತಿ, ಸಿಕ್ಕೀತೆ ಎಂದು ಹಿರಿಯರು ಕಳವಳಪಡುತ್ತಾರೆ. ಎರಡೂ ದೇಶಗಳ ಪದ್ಧತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಕಾಲೇಜಿನ ಹೆಸರಿನಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

ನಮ್ಮ ಪದ್ಧತಿ: ಸಾಲಿನಲ್ಲಿ ನಿಂತವರು

ನಮ್ಮಲ್ಲಿ ಎಂ.ಬಿ.ಬಿ.ಎಸ್. ವ್ಯಾಸಂಗವು ನಾಲ್ಕೂವರೆ ವರ್ಷಗಳದು. ಅದರ ಮೇಲೆ ಒಂದು ವರ್ಷದ ಕಡ್ಡಾಯ ಇಂಟರ್ನ್‌ಶಿಪ್. ಅನಂತರ ಎಂ.ಡಿ. ಅಥವಾ ಎಂ.ಎಸ್. ಪದವಿಗೆ ಮೂರು ವರ್ಷ. ಈ ಎರಡನೆಯ ಹಂತದ ಬಾಗಿಲನ್ನು ಹೆಚ್ಚಿನ ಕಾಲೇಜುಗಳಲ್ಲಿ ಕಾಯುವುದು ಸ್ನಾತಕೋತ್ತರ ನೀಟ್ ಎಂಬ ಪರೀಕ್ಷೆ.

ಇದರ ಕ್ರಮವು ಪಡಿತರ ಅಂಗಡಿಯ ಸಾಲಿನಂತಿದೆ. ಎಲ್ಲರಿಗಿಂತ ಮುಂದೆ ನಿಂತವನು ತನಗೆ ಬೇಕಾದುದನ್ನು ಮೊದಲು ಆರಿಸಿಕೊಳ್ಳುತ್ತಾನೆ; ಉಳಿದುದರಲ್ಲಿ ಎರಡನೆಯವನು; ಹೀಗೆಯೇ ಕೊನೆಯವರೆಗೆ. ಮೀಸಲಾತಿಯ ವರ್ಗಗಳಿಗೆ ಬೇರೆ ಬೇರೆ ಸಾಲುಗಳಿದ್ದರೂ ಪ್ರತಿ ಸಾಲಿನೊಳಗಣ ನಿಯಮ ಇದೇ. ನೀವು ಎಂ.ಬಿ.ಬಿ.ಎಸ್. ಓದಿದ್ದು ನೂರು ವರ್ಷದ ಕಾಲೇಜಿನಲ್ಲಿಯೋ ನಿನ್ನೆ ತೆರೆದ ಕಾಲೇಜಿನಲ್ಲಿಯೋ ಎಂದು ಸಾಲಿನಲ್ಲಿ ಯಾರೂ ಕೇಳುವುದಿಲ್ಲ. ಆದುದರಿಂದ ಹೆಸರಾಂತ ಕಾಲೇಜಿಗೆ ಸೇರಿದ ಮಾತ್ರಕ್ಕೆ ಎಂ.ಡಿ. ಸ್ಥಾನವು ಸುಲಭವಾಗುವುದೆಂಬ ನಂಬಿಕೆಗೆ ಆಧಾರವಿಲ್ಲ.

ಆದರೂ ಎರಡು ವಿಷಯಗಳಲ್ಲಿ ನಿಯಮವೇ ಕಾಲೇಜಿಗೆ ಬೆಲೆ ಕೊಡುತ್ತದೆ. ಮೊದಲನೆಯದು ರಾಜ್ಯದ ಪಾಲು. ಸರಕಾರಿ ಕಾಲೇಜುಗಳ ಸ್ನಾತಕೋತ್ತರ ಸ್ಥಾನಗಳಲ್ಲಿ ಅರ್ಧದಷ್ಟು ಅಖಿಲ ಭಾರತದ ಪಾಲಿಗೆ ಹೋಗುತ್ತವೆ. ಉಳಿದ ಅರ್ಧವನ್ನು ರಾಜ್ಯವು ಹಂಚುತ್ತದೆ. ಕೇವಲ ವಾಸಸ್ಥಳದ ಆಧಾರದ ಮೇಲೆ ಸ್ನಾತಕೋತ್ತರ ಸ್ಥಾನಗಳನ್ನು ಕಾದಿರಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವು 2025ರ ಜನವರಿಯಲ್ಲಿ ತೀರ್ಪಿತ್ತಿತು. ಆದರೆ ವಿದ್ಯಾರ್ಥಿಯು ಓದಿದ ಸಂಸ್ಥೆಯನ್ನು ನೋಡಿ ಮಿತವಾದ ಆದ್ಯತೆ ಕೊಡುವುದನ್ನು ಅದು ತಳ್ಳಿಹಾಕಲಿಲ್ಲ. ಎಂದ ಮೇಲೆ “ನಮ್ಮ ಮನೆ ಎಲ್ಲಿದೆ?” ಎಂಬುದಕ್ಕಿಂತ “ನಾನು ಓದಿದ್ದು ಎಲ್ಲಿ?” ಎಂಬ ಪ್ರಶ್ನೆಗೆ ತೂಕ ಹೆಚ್ಚಿದಂತಾಯಿತು. ಹೊರರಾಜ್ಯದ ಕಾಲೇಜಿಗೆ ಹೊರಟವರು ಇದನ್ನು ಮೊದಲೇ ಯೋಚಿಸಬೇಕು.

ಎರಡನೆಯದು ಸೇವೆಯ ಕರಾರು. ಕರ್ನಾಟಕದಲ್ಲಿ 2012ರ ಅಧಿನಿಯಮವೊಂದು ವೈದ್ಯಪದವೀಧರರಿಗೆ ಒಂದು ವರ್ಷದ ಕಡ್ಡಾಯ ಸೇವೆಯನ್ನು ವಿಧಿಸಿತು. ಅದಕ್ಕೆ ಆಮೇಲೆ ತಿದ್ದುಪಡಿಗಳೂ ಆಗಿವೆ. ಬೇರೆ ರಾಜ್ಯಗಳಲ್ಲಿ ಕರಾರಿನ ಅವಧಿಯೂ ಅದನ್ನು ಮುರಿದರೆ ತೆರಬೇಕಾದ ದಂಡವೂ ಬೇರೆ ಬೇರೆಯಾಗಿವೆ. ಪ್ರವೇಶಪತ್ರಕ್ಕೆ ಸಹಿ ಹಾಕುವ ಮುನ್ನ ಆ ವರ್ಷದ ಕರಾರನ್ನು ಓದಿ ನೋಡುವುದು ಜಾಣತನ.

ಅಮೆರಿಕದ ಪದ್ಧತಿ: ಜೋಡಿ ಕೂಡಿಸುವ ಗಣಿತ

ಆಸ್ಟಿಯೋಪಥಿ ಎಂದೊಡನೆ ನಮ್ಮವರಿಗೆ ಮೂಳೆ ಕಟ್ಟುವ ನಾಟಿವೈದ್ಯನ ನೆನಪಾಗುವುದು ಸಹಜ. ಅದರ ಮೂಲವೂ ಅಲ್ಲಿಂದ ಬಹಳ ದೂರವೇನಿಲ್ಲ. ಆಂಡ್ರೂ ಟೇಲರ್ ಸ್ಟಿಲ್ ಎಂಬ ವೈದ್ಯನು ಮೂಳೆ, ಸ್ನಾಯುಗಳನ್ನು ಕೈಯಿಂದ ಸರಿಪಡಿಸಿ ಅನೇಕ ರೋಗಗಳನ್ನು ಗುಣಪಡಿಸಬಹುದೆಂದು 1874ರಲ್ಲಿ ಸಾರಿ, 1892ರಲ್ಲಿ ಮಿಸೌರಿ ಸಂಸ್ಥಾನದ ಕರ್ಕ್ಸ್‌ವಿಲ್ ಊರಿನಲ್ಲಿ ಶಾಲೆಯೊಂದನ್ನು ತೆರೆದನು. ಇಂದಿನ ಅಮೆರಿಕದ ಆಸ್ಟಿಯೋಪಥಿ ಕಾಲೇಜುಗಳಾದರೋ ಆಧುನಿಕ ವೈದ್ಯಶಾಸ್ತ್ರವನ್ನೆಲ್ಲ ಕಲಿಸುತ್ತವೆ. ಕೈಚಿಕಿತ್ಸೆಯು ಅದರೊಡನೆ ಒಂದು ಹೆಚ್ಚಿನ ಪಾಠ ಮಾತ್ರ. ಅಲ್ಲಿಂದ ಡಿ.ಒ. ಪದವಿ ಪಡೆದವನು ಎಂ.ಡಿ. ಪದವೀಧರನಂತೆಯೇ ಔಷಧ ಬರೆಯಬಹುದು, ಶಸ್ತ್ರಕ್ರಿಯೆ ನಡೆಸಬಹುದು.

ಮೊದಲು ಡಿ.ಒ. ಪದವೀಧರರಿಗಾಗಿಯೇ ಪ್ರತ್ಯೇಕ ರೆಸಿಡೆನ್ಸಿಗಳಿದ್ದವು. 2020ರ ಜೂನ್ ತಿಂಗಳ ಹೊತ್ತಿಗೆ ಎರಡೂ ಪದ್ಧತಿಗಳು ಒಂದೇ ಮಾನ್ಯತಾಸಂಸ್ಥೆಯ ಕೆಳಗೆ ಬಂದವು. ಇದರಿಂದ ಡಿ.ಒ. ಓದಿದವರು ಎಂ.ಡಿ. ಓದಿದವರೊಡನೆ ಒಂದೇ ಪದ್ಧತಿಯಲ್ಲಿ ಸ್ಪರ್ಧಿಸುವಂತಾಯಿತು. ಅದರೊಡನೆ ಅವರಿಗೆಂದೇ ಇದ್ದ ಅಂಗಳದ ಗೋಡೆಯೂ ಬಿದ್ದಿತು.

ಅಲ್ಲಿ ರೆಸಿಡೆನ್ಸಿಯ ಹಂಚಿಕೆಯು ಸಾಲಿನ ಪದ್ಧತಿಯಂತಲ್ಲ, ಮದುವೆಯ ಜೋಡಿ ಕೂಡಿಸಿದಂತೆ ನಡೆಯುತ್ತದೆ. ವಿದ್ಯಾರ್ಥಿಯು ತನಗೆ ಮೆಚ್ಚಾದ ಆಸ್ಪತ್ರೆಗಳನ್ನು ಕ್ರಮವಾಗಿ ಬರೆದು ಕೊಡುತ್ತಾನೆ. ಆಸ್ಪತ್ರೆಯು ಅಭ್ಯರ್ಥಿಗಳನ್ನು ಸಂದರ್ಶಿಸಿ ತನ್ನ ಪಟ್ಟಿಯನ್ನು ಬರೆಯುತ್ತದೆ. ಆಮೇಲೆ ಗಣಕಯಂತ್ರವು ವಿದ್ಯಾರ್ಥಿಯ ಪರವಾಗಿ ಅವನ ಮೊದಲ ಆಯ್ಕೆಯ ಬಾಗಿಲನ್ನು ತಟ್ಟುತ್ತದೆ. ಆ ಆಸ್ಪತ್ರೆಯು ಅವನ ಹೆಸರನ್ನು ಬರೆದಿದ್ದು ಸ್ಥಳವೂ ಇದ್ದರೆ ಅವನನ್ನು ತಾತ್ಕಾಲಿಕವಾಗಿ ಕುಳ್ಳಿರಿಸುತ್ತದೆ. ಸ್ಥಳಗಳೆಲ್ಲ ತುಂಬಿದ ಮೇಲೆ, ಅದು ಹೆಚ್ಚು ಮೆಚ್ಚಿದ ಇನ್ನೊಬ್ಬನು ಬಂದರೆ ಕುಳಿತವರಲ್ಲಿ ಕೆಳಗಿನವನು ಎದ್ದು ತನ್ನ ಎರಡನೆಯ ಆಯ್ಕೆಯ ಕಡೆಗೆ ಹೋಗಬೇಕು. ಏಳುವವರು ಯಾರೂ ಉಳಿಯದಾದಾಗ ಹಂಚಿಕೆ ಮುಗಿಯಿತು. ಈ ಬಗೆಯ ಜೋಡಣೆಯ ಗಣಿತವನ್ನು ಗೇಲ್ ಮತ್ತು ಶಾಪ್ಲಿ ಎಂಬ ಇಬ್ಬರು ವಿದ್ವಾಂಸರು 1962ರಲ್ಲಿ ಪ್ರಕಟಿಸಿದರು. ಅವರಲ್ಲಿ ಶಾಪ್ಲಿಗೂ, ಇದನ್ನು ಬಳಕೆಯಲ್ಲಿ ಬೆಳೆಸಿದ ಆಲ್ವಿನ್ ರಾತ್‌ಗೂ 2012ರ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ಇದರಲ್ಲಿ ಒಂದು ಸ್ವಾರಸ್ಯವುಂಟು. ವಿದ್ಯಾರ್ಥಿಯು ತಂತ್ರ ಹೂಡಿ, ಮನಸ್ಸಿಗೆ ಬಂದುದನ್ನು ಕೆಳಗಿಟ್ಟು, “ಸಿಕ್ಕೀತು” ಎನಿಸಿದುದನ್ನು ಮೇಲೆ ಬರೆದರೆ ಅವನಿಗೆ ಲಾಭವಿಲ್ಲ. ತನ್ನ ನಿಜವಾದ ಇಚ್ಛೆಯ ಕ್ರಮವೇ ಅತ್ಯುತ್ತಮವಾದ ಕ್ರಮ. ನಮ್ಮ ಪ್ರವೇಶ ಹಂಚಿಕೆಯಲ್ಲಿ ಆಯ್ಕೆಗಳನ್ನು ಬರೆಯುವಾಗಲೂ ಈ ಮಾತು ಸಲ್ಲುತ್ತದೆ: ಬೇಕಾದುದನ್ನು ಮೇಲೆಯೇ ಬರೆಯಬೇಕು.

ಅಲ್ಲಿ ಆಸ್ಪತ್ರೆಯೂ ಆರಿಸುವುದರಿಂದ, ಕಾಲೇಜಿನ ಹೆಸರು, ಗುರುಗಳ ಶಿಫಾರಸು ಪತ್ರ, ರೋಗಿಗಳ ನಡುವೆ ಮಾಡಿದ ಕೆಲಸ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. 2022ರಿಂದ ಅಲ್ಲಿಯ ಮೊದಲ ಹಂತದ ಪರೀಕ್ಷೆಗಳು ಅಂಕಗಳನ್ನು ಬಿಟ್ಟು ಉತ್ತೀರ್ಣ, ಅನುತ್ತೀರ್ಣ ಎಂದಷ್ಟೇ ಹೇಳುತ್ತಿರುವುದರಿಂದ ಉಳಿದವುಗಳ ತೂಕ ಹೆಚ್ಚಿದೆ. ಡಿ.ಒ. ಕಾಲೇಜುಗಳಲ್ಲಿ ಅನೇಕಕ್ಕೆ ಸ್ವಂತದ ದೊಡ್ಡ ಆಸ್ಪತ್ರೆಯಿಲ್ಲ. ಕೊನೆಯ ಎರಡು ವರ್ಷ ವಿದ್ಯಾರ್ಥಿಗಳನ್ನು ಬೇರೆ ಬೇರೆ ಊರುಗಳ ದವಾಖಾನೆಗಳಿಗೆ ಕಳಿಸುತ್ತಾರೆ. ಆದ್ದರಿಂದ ಅಲ್ಲಿಯ ಬುದ್ಧಿವಂತ ವಿದ್ಯಾರ್ಥಿಯು ಕಾಲೇಜಿನ ಕಟ್ಟಡವನ್ನು ನೋಡಿ ಮರುಳಾಗದೆ, “ಮೂರನೆಯ ವರ್ಷ ನಾನೆಲ್ಲಿರುತ್ತೇನೆ? ಆ ದವಾಖಾನೆಯಲ್ಲಿ ರೆಸಿಡೆನ್ಸಿ ಉಂಟೆ?” ಎಂದು ವಿಚಾರಿಸುತ್ತಾನೆ.

ಜಾಹೀರಾತಿನ ಲೆಕ್ಕ

“ನಮ್ಮಲ್ಲಿ ಶೇಕಡಾ 90ರಷ್ಟು ವಿದ್ಯಾರ್ಥಿಗಳಿಗೆ ಸ್ಥಾನ ದೊರೆತಿದೆ” ಎಂದು ಒಂದು ಕಾಲೇಜು ಸಾರುತ್ತದೆ ಎಂದಿಟ್ಟುಕೊಳ್ಳೋಣ. ಯಾವ ನೂರರಲ್ಲಿ 90? ಮೊದಲ ವರ್ಷ ಸೇರಿದವರು 100 ಮಂದಿ. ಕೊನೆಯ ವರ್ಷ ಮುಟ್ಟಿದವರು 90. ಸ್ಥಾನ ಪಡೆದವರು 81. ಕೊನೆಯ ವರ್ಷದವರನ್ನೇ ಎಣಿಸಿದರೆ ಶೇಕಡಾ 90 ಸರಿಯೆ. ಸೇರಿದವರನ್ನು ಎಣಿಸಿದರೆ ಅದು 81. ಆ 81ರಲ್ಲಿ 21 ಮಂದಿಗೆ ಒಂದೇ ವರ್ಷದ ತಾತ್ಕಾಲಿಕ ಸ್ಥಾನವಾಗಿದ್ದರೆ, ಪೂರ್ಣ ತರಬೇತಿ ದೊರೆತವರು 60 ಮಾತ್ರ. ಸುಳ್ಳನ್ನು ಹೇಳದೆಯೇ 60ನ್ನು 90 ಮಾಡಿದಂತಾಯಿತು!

ನಮ್ಮ ಗೋಡೆಗಳ ಮೇಲಿನ ಪಟ್ಟಿಗಳಲ್ಲಿ ಇನ್ನೊಂದು ಮೋಸವಿದೆ. ಅತಿ ಹೆಚ್ಚು ಅಂಕ ಪಡೆದವರನ್ನೇ ಸೇರಿಸಿಕೊಂಡ ಕಾಲೇಜಿನಿಂದ ಹೆಚ್ಚು ಮಂದಿ ಎಂ.ಡಿ.ಗೆ ಹೋದರೆ ಅದು ಬೀಜದ ಗುಣವೋ ಹೊಲದ ಗುಣವೋ? ಒಳ್ಳೆಯ ಬೀಜವನ್ನೇ ಆರಿಸಿ ಬಿತ್ತಿದವನ ಪೈರು ಚೆನ್ನಾಗಿ ಬಂದರೆ, ಭೂಮಿಯ ಸತ್ವವೆಷ್ಟೆಂದು ಅದರಿಂದ ತಿಳಿಯಲಾರದು.

ಹಾಗಾದರೆ ನೋಡಬೇಕಾದುದೇನು?

ನೋಡಬೇಕಾದುದು ಆಸ್ಪತ್ರೆ. ಮುಂಬಯಿ ಪ್ರಾಂತದಲ್ಲಿದ್ದ ದಿನಗಳಲ್ಲಿ ಈ ಭಾಗದವರು ವೈದ್ಯವಿದ್ಯೆಗಾಗಿ ಮುಂಬಯಿ, ಪುಣೆಗಳ ದಾರಿ ಹಿಡಿಯಬೇಕಾಗಿತ್ತು. 1957ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು ಆರಂಭವಾದಾಗ, ಸುತ್ತಣ ಜಿಲ್ಲೆಗಳ ರೋಗಿಗಳಿಗೆ ಆಶ್ರಯವಾದ ದೊಡ್ಡ ಆಸ್ಪತ್ರೆಯೊಂದು ಅದರೊಡನೆ ಬೆಳೆಯಿತು. ಸತ್ತೂರಿನಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು 2003ರಲ್ಲಿ ತೆರೆಯಿತು. ಹೀಗೆ ಅವಳಿ ನಗರದ ವಿದ್ಯಾರ್ಥಿಗೆ ಮನೆಯ ಹತ್ತಿರವೇ ಸರಕಾರಿ ಕಾಲೇಜೊಂದು, ಖಾಸಗಿ ಕಾಲೇಜೊಂದು ಹೋಲಿಸಿ ನೋಡಲು ದೊರೆಯುತ್ತವೆ.

ಆಸ್ಪತ್ರೆಯಿಂದ ಲಾಭವೇನೆಂಬುದಕ್ಕೆ ಒಂದು ಉದಾಹರಣೆ ಸಾಕು. ಹೊಲದಲ್ಲಿ ಕೀಟನಾಶಕ ಸಿಂಪಡಿಸುತ್ತಿದ್ದ ರೈತನೊಬ್ಬನನ್ನು ರಾತ್ರಿ ಹೊತ್ತು ತಂದಿದ್ದಾರೆ. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಕಣ್ಣಿನ ಪಾಪೆಗಳು ಸೂಜಿಯ ಮೊನೆಯಷ್ಟಾಗಿವೆ. ಹಿರಿಯ ವೈದ್ಯರು ಅಟ್ರೋಪಿನ್ ಚುಚ್ಚುತ್ತಾರೆ. ಎದೆಯ ಗೊರಗೊರ ಸದ್ದು ಇಳಿಯುವವರೆಗೆ ಮತ್ತೆ ಮತ್ತೆ ಚುಚ್ಚುತ್ತಾರೆ. ಇದನ್ನು ಒಮ್ಮೆ ಕಂಡ ವಿದ್ಯಾರ್ಥಿನಿಗೆ ಆರ್ಗನೋಫಾಸ್ಫೇಟ್ ವಿಷದ ಲಕ್ಷಣಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಪರೀಕ್ಷೆಯ ಪ್ರಶ್ನೆಯೊಡನೆ ಅವಳ ಕಣ್ಣಮುಂದೆ ಆ ರೈತನೇ ಬಂದು ನಿಲ್ಲುತ್ತಾನೆ.

ನೂರು ವಿದ್ಯಾರ್ಥಿಗಳ ಕಾಲೇಜಿಗೆ ಕನಿಷ್ಠ 420 ಹಾಸಿಗೆಗಳಿರಬೇಕೆಂದೂ ಅವುಗಳಲ್ಲಿ ಶೇಕಡಾ 80 ತುಂಬಿರಬೇಕೆಂದೂ ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮಗಳು ಹೇಳುತ್ತವೆ. ಆದರೆ ಕಾಗದದ ಮೇಲಿನ ಹಾಸಿಗೆಯಿಂದ ಪಾಠ ಕಲಿಯಲಾಗುವುದಿಲ್ಲ. ಮುಂಜಾನೆ ಹತ್ತು ಗಂಟೆಗೆ ಹೊರರೋಗಿಗಳ ವಿಭಾಗದಲ್ಲಿ ಅರ್ಧ ತಾಸು ಕುಳಿತು ನೋಡಿರಿ. ಸಾಲು ಎಷ್ಟು ಉದ್ದವಿದೆ? ಹೆರಿಗೆಯ ವಾರ್ಡಿನಲ್ಲಿ ಗದ್ದಲವುಂಟೆ? ನೀವು ಬಯಸುವ ವಿಷಯದಲ್ಲಿ ಎಂ.ಡಿ. ಓದುವವರು ಅಲ್ಲಿದ್ದಾರೆಯೆ? ಕಿರಿಯರಿಗೆ ನಡುರಾತ್ರಿಯಲ್ಲಿ ಕಲಿಸುವವರು ಹೆಚ್ಚಾಗಿ ಅವರೇ. ಈಗಿನ ಇಂಟರ್ನಿಗಳನ್ನು ಕಂಡು, “ನೀವು ನಿಮ್ಮ ಕೈಯಿಂದ ಏನೇನು ಮಾಡುತ್ತೀರಿ?” ಎಂದು ಕೇಳಿರಿ.

ಕೆಲವರು ಇದಕ್ಕೆ ವಿರುದ್ಧವಾದ ಸಲಹೆ ಕೊಡುವುದುಂಟು: ಇಂಟರ್ನ್‌ಶಿಪ್ಪಿನಲ್ಲಿ ಕೆಲಸ ಕಡಮೆಯಿರುವ ಕಾಲೇಜನ್ನು ಹಿಡಿದರೆ ಸ್ನಾತಕೋತ್ತರ ಪರೀಕ್ಷೆಗೆ ಓದಲು ಪುರಸತ್ತು ಸಿಗುತ್ತದೆ ಎಂದು. ಪುರಸತ್ತು ಸಿಗುವುದು ನಿಜ. ಎಡೆಬಿಡದ ಕೆಲಸದ ನಡುವೆ ಓದುವ ಕಷ್ಟವೂ ನಿಜ. ಆದರೆ ಹೀಗೆ ಓದಿ ಎಂ.ಡಿ. ಸೇರಿದವನು ಮೊದಲನೆಯ ರಾತ್ರಿಯೇ ರೋಗಿಯ ಮುಂದೆ ಒಬ್ಬನೇ ನಿಲ್ಲಬೇಕಾಗುತ್ತದೆ. ಅಲ್ಲಿ ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕಿ ಪಾರಾಗಲು ಬರುವುದಿಲ್ಲ.

ಹಣದ ಮಾತನ್ನೂ ಮರೆಯಲಾಗದು. ಎಂ.ಬಿ.ಬಿ.ಎಸ್.ಗಾಗಿಯೇ ಹೊಲ ಮಾರಿದ ಮನೆಯಲ್ಲಿ, ಮಗಳು ಪರೀಕ್ಷೆಗಾಗಿ ಇನ್ನೊಂದು ವರ್ಷ ಓದುತ್ತೇನೆಂದಾಗ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ರೋಗಿಗಳು ತುಂಬಿರುವ, ಶುಲ್ಕ ಕಡಮೆಯಿರುವ ಕಾಲೇಜು ದೊರೆತರೆ, ಹೆಸರಿನ ಆಸೆಗೆ ಅದನ್ನು ಬಿಡುವುದು ಸಲ್ಲದು. ಉಳಿದ ಹಣವು ಮುಂದೆ ಆ ಒಂದು ವರ್ಷದ ಕಾಲಾವಕಾಶವನ್ನು ಕೊಡಬಲ್ಲುದು.

ಸಪ್ತಾಪುರದ ಆ ಮಗಳಿಗೆ ತಂದೆಯು ಹೇಳಬಹುದಾದ ಉತ್ತರವಿಷ್ಟು: “ಎಂ.ಡಿ. ಸ್ಥಾನವನ್ನು ಯಾವ ಕಾಲೇಜೂ ಕೊಡಲಾರದು ತಂಗಿ, ಅದನ್ನು ನೀನೇ ಪಡೆಯಬೇಕು. ಕಾಲೇಜು ರೋಗಿಗಳನ್ನೂ ಗುರುಗಳನ್ನೂ ಕೊಡಬಲ್ಲುದು. ಅವೆರಡೂ ಎಲ್ಲಿವೆಯೋ ನಾಳೆ ಹೋಗಿ ನೋಡಿ ಬರೋಣ.”