ಬೀಳುವ ಹಲ್ಲೆಂಬ ತಾತ್ಸಾರ ಬೇಡ

"ಹೇಗೂ ಬೀಳುವ ಹಲ್ಲು ತಾನೆ, ಅದಕ್ಕೇಕೆ ಡಾಕ್ಟರು?" ಎಂಬ ಮಾತನ್ನು ನಮ್ಮ ಮನೆಯಲ್ಲಿ ಮೊದಲು ಆಡಿದವನು ನಾನೇ. ಮಗಳ ಮಗನಿಗೆ ಆಗ ಎರಡು ವರ್ಷ. ಅವನ ಮೇಲಿನ ಮುಂದಿನ ಹಲ್ಲುಗಳ ಬುಡದಲ್ಲಿ, ಒಸಡಿಗೆ ತಾಗಿದಂತೆ, ಸುಣ್ಣದಿಂದ ಗೀರಿದಂತಹ ಬಿಳಿಯ ರೇಖೆಯೊಂದು ಕಾಣಿಸಿಕೊಂಡಿತ್ತು. ಸಮೀಪದ ದಂತವೈದ್ಯರೊಬ್ಬರೂ "ಮಗು ಚಿಕ್ಕದು, ನಾಲ್ಕು ವರ್ಷವಾಗಲಿ" ಎಂದು ಹೇಳಿ ಕಳುಹಿಸಿದರು. ಎಂಟು ತಿಂಗಳಲ್ಲಿ ಆ ರೇಖೆ ಕಂದು ಬಣ್ಣದ ಕುಳಿಯಾಯಿತು. ಮಗು ಬಿಸಿ ಅನ್ನವನ್ನು ಬಾಯಿಗಿಡಲೊಲ್ಲದೆ, ರಾತ್ರಿ ಎದ್ದು ಅಳತೊಡಗಿದಾಗ ಮಕ್ಕಳ ದಂತತಜ್ಞರ ಬಳಿಗೆ ಹೋದೆವು. ಅವರು ಯಾರನ್ನೂ ಬೈಯಲಿಲ್ಲ. "ರಾತ್ರಿ ಬಾಟಲಿಯಲ್ಲಿ ಹಾಲು ಕೊಡುವವರು ಯಾರು?" ಎಂದಷ್ಟೇ ಕೇಳಿದರು. ಮಗಳೂ ಅಳಿಯನೂ ನನ್ನ ಮುಖ ನೋಡಿದರು. ಸಕ್ಕರೆ ಬೆರೆಸುತ್ತಿದ್ದವನೂ ನಾನೇ.

ಅಂದು ಅವರಿಂದ ತಿಳಿದುದನ್ನೂ ಆಮೇಲೆ ಓದಿ ಅರಿತುದನ್ನೂ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಹಾಲುಹಲ್ಲುಗಳು ಒಟ್ಟು 20. ಸಾಮಾನ್ಯವಾಗಿ ಆರನೆಯ ತಿಂಗಳ ಸುಮಾರಿಗೆ ಮೊದಲನೆಯದು ಮೂಡಿ, ಎರಡೂವರೆ ಮೂರು ವರ್ಷಗಳ ಹೊತ್ತಿಗೆ ಎಲ್ಲವೂ ಬಂದಿರುತ್ತವೆ. ಮುಂದಿನ ಹಲ್ಲುಗಳು ಆರೇಳು ವರ್ಷಕ್ಕೆ ಬೀಳತೊಡಗುವುದು ನಿಜ. ಆದರೆ ಹಾಲು ದವಡೆಹಲ್ಲುಗಳು ಹತ್ತು ಹನ್ನೆರಡು ವರ್ಷಗಳವರೆಗೆ ಉಳಿಯಬೇಕಾದವು. ಅವು ಅಗಿಯುವುದಕ್ಕೆ ಮಾತ್ರವಲ್ಲ, ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಸ್ಥಳ ಕಾಯ್ದಿರಿಸುವುದಕ್ಕೂ ಇವೆ. ಅಕಾಲದಲ್ಲಿ ಒಂದನ್ನು ಕಿತ್ತರೆ ಪಕ್ಕದವು ಆ ತೆರವಿಗೆ ವಾಲಿ, ಮುಂದೆ ಬರುವ ಹಲ್ಲು ಓರೆಯಾಗಿ ಹುಟ್ಟಬಹುದು. ಬಿದ್ದ ಹಾಲುಹಲ್ಲನ್ನು ಸಗಣಿಯಲ್ಲಿಟ್ಟು ಹೆಂಚಿನ ಮೇಲೆ ಎಸೆದು ಬೆಳೆದವರು ನಾವು. ಬಿದ್ದ ಹಲ್ಲಿಗೆ ಅಷ್ಟು ಮರ್ಯಾದೆ ಕೊಟ್ಟವರು, ಬಾಯಲ್ಲಿರುವ ಹಲ್ಲನ್ನು ಮಾತ್ರ ಏಕೋ ಲೆಕ್ಕಕ್ಕೆ ಹಿಡಿಯಲಿಲ್ಲ.

ಹುಳುಕು ಎನ್ನುತ್ತೇವೆಯೇ ಹೊರತು ಅಲ್ಲಿ ಹುಳುವಿಲ್ಲ. ಬಾಯಿಯಲ್ಲಿರುವ ಸೂಕ್ಷ್ಮಾಣುಗಳು ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಆ ಆಮ್ಲವು ಹಲ್ಲಿನ ಹೊರಕವಚವನ್ನು ಕರಗಿಸುತ್ತದೆ. ಹಾಲುಹಲ್ಲಿನ ಕವಚ ತೆಳುವಾದುದರಿಂದ ಕೇಡು ಬೇಗನೆ ಒಳಗಿಳಿಯುತ್ತದೆ. ಹಗಲಿನಲ್ಲಿ ಜೊಲ್ಲು ಆಮ್ಲವನ್ನು ತೊಳೆಯುತ್ತಿರುತ್ತದೆ. ನಿದ್ರೆಯಲ್ಲಿ ಜೊಲ್ಲು ಕಡಿಮೆ. ಬಾಟಲಿ ಕಚ್ಚಿಕೊಂಡೇ ಮಲಗಿದ ಮಗುವಿನ ಮೇಲಿನ ಹಲ್ಲುಗಳ ಸುತ್ತ ಹಾಲು ನಿಂತುಬಿಡುತ್ತದೆ. ಕೆಳಗಿನವನ್ನು ನಾಲಗೆ ಮರೆಮಾಡಿ ಕಾಯುತ್ತದೆ. ನಮ್ಮ ಮೊಮ್ಮಗನಿಗೆ ಮೇಲಿನ ನಾಲ್ಕೇ ಕೆಟ್ಟದ್ದು ಈ ಕಾರಣದಿಂದ. ಕೆಮ್ಮಿನ ಸಿಹಿ ಸಿರಪ್ಪು, ಜೇನು ಸವರಿದ ನಿಪ್ಪಲ್, ಬಾಯಲ್ಲಿಟ್ಟ ಕಲ್ಲುಸಕ್ಕರೆ ಇವೂ ಅದೇ ಕೆಲಸ ಮಾಡುತ್ತವೆ. (ಒಂದು ವರ್ಷ ತುಂಬುವ ಮುನ್ನ ಜೇನನ್ನು ಕೊಡಲೇಬಾರದು, ಅದರ ಅಪಾಯ ಬೇರೆಯೇ ಬಗೆಯದು.) ತಾಯಿಯ ಹಾಲನ್ನು ನಿಲ್ಲಿಸಬೇಕೆಂದು ಇದರ ಅರ್ಥವಲ್ಲ, ಹಲ್ಲು ಬಂದ ಮೇಲೆ ಬಾಯಿಯನ್ನು ಶುಚಿಯಾಗಿಡಬೇಕು, ಅಷ್ಟೆ.

ಮೊದಲ ಹಲ್ಲು ಮೂಡಿದ ದಿನದಿಂದಲೇ ಮೃದುವಾದ ಪುಟ್ಟ ಬ್ರಷ್ ಬೇಕು. ಪೇಸ್ಟು ಮೂರು ವರ್ಷದವರೆಗೆ ಒಂದು ಅಕ್ಕಿಕಾಳಿನಷ್ಟು, ಅನಂತರ ಬಟಾಣಿಯಷ್ಟು. ಪೆಟ್ಟಿಗೆಯ ಮೇಲಿನ ಗೊಂಬೆಯನ್ನು ನೋಡಿ ಕೊಳ್ಳದೆ, ಸುಮಾರು 1000 ಪಿಪಿಎಂ ಫ್ಲೋರೈಡ್ ಇದೆಯೇ ಎಂಬುದನ್ನು ಓದಿ ಕೊಳ್ಳಿ. ಪಾವಗಡದಂತಹ ಕಡೆ ಕೊಳವೆಬಾವಿಯ ನೀರಿನಲ್ಲೇ ಫ್ಲೋರೈಡ್ ಮಿತಿಮೀರಿರುವುದುಂಟು. ಮಗು ಬಹುಕಾಲ ಅಂತಹ ಊರಿನಲ್ಲಿದ್ದರೆ ವೈದ್ಯರಿಗೆ ತಿಳಿಸಬೇಕು. ರಾತ್ರಿ ಉಜ್ಜಿದ ಮೇಲೆ ನೀರಲ್ಲದೆ ಬೇರೇನೂ ಕೊಡಬಾರದು. ಏಳೆಂಟು ವರ್ಷದವರೆಗೆ ಉಜ್ಜುವುದು ಹಿರಿಯರ ಕೆಲಸ. ಮಗು ತಾನೇ ಉಜ್ಜಿಕೊಳ್ಳುತ್ತದೆಂದು ಹೆಮ್ಮೆಪಡುವುದರಲ್ಲಿ ಅರ್ಥವಿಲ್ಲ.

ದಂತವೈದ್ಯರ ಮೊದಲ ಭೇಟಿ ಮೊದಲ ಹುಟ್ಟುಹಬ್ಬದೊಳಗೆ ಆಗಬೇಕೆಂಬುದು ತಜ್ಞರ ಮತ. ಆ ವಯಸ್ಸಿನ ಮಗುವನ್ನು ದೊಡ್ಡ ಕುರ್ಚಿಯಲ್ಲಿ ಕೂರಿಸಬೇಕಿಲ್ಲ. ತಾಯಿಯೂ ವೈದ್ಯರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಎದುರುಬದುರು ಕೂರುತ್ತಾರೆ; ತಾಯಿಯ ತೊಡೆಯಲ್ಲಿರುವ ಮಗು ಹಿಂದಕ್ಕೆ ಒರಗಿದಾಗ ಅದರ ತಲೆ ವೈದ್ಯರ ಮಡಿಲಿಗೆ ಬರುತ್ತದೆ. ಮಗು ತಾಯಿಯ ಮುಖವನ್ನೇ ನೋಡುತ್ತಿರುತ್ತದೆ. ಅತ್ತರೂ ಚಿಂತೆಯಿಲ್ಲ, ಬಾಯಿ ಚೆನ್ನಾಗಿ ತೆರೆಯುತ್ತದೆ! ಕೆಲವೇ ನಿಮಿಷಗಳಲ್ಲಿ ತಪಾಸಣೆ ಮುಗಿಯುತ್ತದೆ. ಬಿಳಿ ರೇಖೆಯ ಹಂತದಲ್ಲೇ ಕಂಡರೆ ಫ್ಲೋರೈಡ್ ಲೇಪನ ಮತ್ತು ಆಹಾರದ ಶಿಸ್ತಿನಿಂದ ಅದನ್ನು ತಡೆಯಲು, ಹಿಂತಿರುಗಿಸಲು ಸಾಧ್ಯ. ನಾವು ಕಳೆದುಕೊಂಡದ್ದು ಆ ಅವಕಾಶವನ್ನೇ. ಮೊಮ್ಮಗನ ಒಂದು ಹಲ್ಲನ್ನು ಕೀಳಬೇಕಾಯಿತು, ಒಂದಕ್ಕೆ ಬೇರಿನ ಚಿಕಿತ್ಸೆ, ಉಳಿದೆರಡಕ್ಕೆ ತುಂಬುವಿಕೆ.

ಮುಂಬಯಿಯಲ್ಲಿರುವವರಿಗೆ ನಾಯರ್ ಆಸ್ಪತ್ರೆಯ ದಂತ ಮಹಾವಿದ್ಯಾಲಯ ಮತ್ತು ಸಿಎಸ್‌ಎಂಟಿ ಸಮೀಪದ ಸರಕಾರಿ ದಂತ ಮಹಾವಿದ್ಯಾಲಯಗಳಲ್ಲಿ ಖಾಸಗಿಗಿಂತ ಕಡಿಮೆ ವೆಚ್ಚದ ಚಿಕಿತ್ಸೆ ದೊರೆಯುತ್ತದೆ. ಸರತಿಯಲ್ಲಿ ನಿಲ್ಲುವ ತಾಳ್ಮೆ ಬೇಕು. ಎಲ್ಲಿಗೇ ಹೋಗಿ, ಮಗು ನಿದ್ದೆ ಮಾಡಿ ಎದ್ದು ಗೆಲುವಾಗಿರುವ ಬೆಳಗಿನ ವೇಳೆಗೆ ಹೋಗಿ. "ಹೆದರಬೇಡ, ಚುಚ್ಚುವುದಿಲ್ಲ" ಎನ್ನಬೇಡಿ. ಚುಚ್ಚುವ ಸಂಗತಿ ಮಗುವಿಗೆ ಹೊಳೆಯುವುದೇ ಆ ಮಾತಿನಿಂದ. ಊಟ ಮಾಡದಿದ್ದರೆ ಡಾಕ್ಟರಿಂದ ಇಂಜೆಕ್ಷನ್ ಕೊಡಿಸುತ್ತೇನೆಂದು ಬೆದರಿಸುವ ಅಜ್ಜ ಅಜ್ಜಿಯರೂ ಇದನ್ನು ಗಮನಿಸಬೇಕು.

ಮೊಮ್ಮಗನಿಗೆ ಈಗ ಐದು ವರ್ಷ. ಆರು ತಿಂಗಳಿಗೊಮ್ಮೆ ಹೋಗಿ, ಹೇಳುವ ಮೊದಲೇ ಬಾಯಿ ತೆರೆಯುತ್ತಾನೆ. ಅವನ ತಂಗಿಗೆ ಹತ್ತು ತಿಂಗಳು, ಕೆಳಗಿನ ಎರಡು ಹಲ್ಲು ಬಂದಿವೆ. ಬರುವ ತಿಂಗಳ ಎರಡನೆಯ ಶನಿವಾರ ಬ್ಯಾಂಕಿಗೆ ರಜೆ. ಅಂದಿಗೆ ಅವಳ ಹೆಸರನ್ನು ಬರೆಸಿದ್ದೇನೆ.