‘ಐದೇ ನಿಮಿಷ’ ಎಂದು ಹೋದರೆ...

ಕಳೆದ ಏಪ್ರಿಲ್ ತಿಂಗಳಲ್ಲಿ ನಡೆದ ಸಂಗತಿ. ದಾವಣಗೆರೆಯಲ್ಲಿ ಹತ್ತಿರದ ನೆಂಟರ ಮದುವೆ. ಮಗ, ಸೊಸೆ, ಮೊಮ್ಮಗಳು ಮತ್ತು ನಾನು ತುಮಕೂರಿನಿಂದ ಬೆಳಿಗ್ಗೆಯೇ ಕಾರಿನಲ್ಲಿ ಹೊರಟೆವು. ಮನೆಯಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲವೆಂದು ನಾಯಿ ಚಿನ್ನುವನ್ನೂ ಕರೆದುಕೊಂಡಿದ್ದೆವು.

ಕಲ್ಯಾಣ ಮಂಟಪ ತಲುಪುವಾಗ ಮುಹೂರ್ತ ಹತ್ತಿರವಾಗಿತ್ತು. ಕಾರನ್ನು ಬೇವಿನ ಮರದ ನೆರಳಿನಲ್ಲಿ ನಿಲ್ಲಿಸಿ, ಕಿಟಕಿಯ ಗಾಜುಗಳನ್ನು ಎರಡು ಬೆರಳಿನಷ್ಟು ಇಳಿಸಿ, ಚಿನ್ನುವನ್ನು ಒಳಗೇ ಬಿಟ್ಟೆವು. ಹಾಗೆ ಮಾಡೋಣ ಎಂದವನು ನಾನೇ. “ತಾತ, ಅದಕ್ಕೆ ಸೆಕೆ ಆಗಲ್ವಾ?” ಎಂದು ಮೊಮ್ಮಗಳು ಕೇಳಿದಳು. “ಐದೇ ನಿಮಿಷ ಕಣಮ್ಮ, ಅಕ್ಷತೆ ಹಾಕಿ ಬಂದುಬಿಡೋಣ” ಎಂದೆ.

ಮದುವೆ ಮನೆಯ ಐದು ನಿಮಿಷ ಎಷ್ಟು ಉದ್ದವೆಂದು ನಿಮಗೆ ಗೊತ್ತೇ ಇದೆ. ತಾಳಿ ಕಟ್ಟುವುದು ತಡವಾಯಿತು. ಅಕ್ಷತೆ ಹಾಕಿದ ಮೇಲೆ ಹಳೆಯ ಪರಿಚಯದವರು ಕೈ ಹಿಡಿದು ನಿಲ್ಲಿಸಿದರು. ಅರ್ಧ ಗಂಟೆ ದಾಟಿದ್ದು ತಿಳಿಯಲೇ ಇಲ್ಲ. ಅಷ್ಟರಲ್ಲಿ ಬಾಗಿಲ ಬಳಿ ಹೂವು ಮಾರುತ್ತಿದ್ದ ಹೆಂಗಸು ಒಳಗೆ ಓಡಿಬಂದರು. “ಬಿಳಿ ಕಾರು ಯಾರದ್ರೀ? ಒಳಗೆ ನಾಯಿ ಒದ್ದಾಡಾಕ್ಹತ್ತೈತಿ!” ಎಂದು ಕೂಗಿದರು.

ನಾವು ಹೋಗಿ ನೋಡಿದರೆ ನೆರಳು ಸರಿದು ಅರ್ಧ ಕಾರು ಬಿಸಿಲಿಗೆ ಬಿದ್ದಿತ್ತು. ಚಿನ್ನುವಿನ ನಾಲಿಗೆ ಕಡು ಕೆಂಪಾಗಿ ಜೋತುಬಿದ್ದಿತ್ತು, ಬಾಯಿಂದ ಅಂಟು ಅಂಟಾದ ಜೊಲ್ಲು ಸುರಿಯುತ್ತಿತ್ತು. ಕೆಳಗಿಳಿಸಿದರೆ ನಿಲ್ಲಲಾರದೆ ಮುಗ್ಗರಿಸಿತು. ಹೂವಿನವರು ಹೂವಿಗೆಂದು ಇಟ್ಟುಕೊಂಡಿದ್ದ ಬಕೆಟ್ ನೀರನ್ನು ಅದರ ಮೈಮೇಲೆ ಸುರಿದರು. ಅಲ್ಲಿಂದ ನೇರವಾಗಿ ಪಶು ಆಸ್ಪತ್ರೆಗೆ ಓಡಿದೆವು. ಸಂಜೆಯ ಹೊತ್ತಿಗೆ ಚಿನ್ನು ಬಾಲ ಅಲ್ಲಾಡಿಸಿತು. “ಇನ್ನಷ್ಟು ಹೊತ್ತು ಆಗಿದ್ದರೆ ಉಳಿಸುವುದು ಕಷ್ಟವಿತ್ತು” ಎಂದರು ವೈದ್ಯರು.

ಮರ, ನೆರಳು, ತೆರೆದ ಕಿಟಕಿ ಎಲ್ಲವೂ ಇದ್ದು ಹೀಗೇಕಾಯಿತು? ಅಂದಿನಿಂದ ಓದಿ, ಕೇಳಿ ತಿಳಿದುಕೊಂಡದ್ದನ್ನು ಮಕ್ಕಳಿಗೂ ನನ್ನ ವಯಸ್ಸಿನವರಿಗೂ ಹೇಳಬೇಕೆನಿಸಿದೆ.

ಕಾರಲ್ಲ, ಒಲೆ!

ಸೂರ್ಯನ ಬೆಳಕು ಗಾಜನ್ನು ದಾಟಿ ಸುಲಭವಾಗಿ ಕಾರಿನೊಳಗೆ ಬರುತ್ತದೆ. ಸೀಟು, ಸ್ಟೀರಿಂಗ್, ಮುಂದಿನ ಕಪ್ಪು ಡ್ಯಾಶ್‌ಬೋರ್ಡ್ ಎಲ್ಲವೂ ಆ ಬೆಳಕನ್ನು ಹೀರಿ ಬಿಸಿಯಾಗುತ್ತವೆ. ಅವು ಸುತ್ತಲಿನ ಗಾಳಿಯನ್ನು ಕಾಯಿಸುತ್ತವೆ. ಆ ಬಿಸಿಗಾಳಿಗೆ ಹೊರಗೆ ಹೋಗಲು ದಾರಿಯಿಲ್ಲ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಬಿಸಿಲಲ್ಲಿ ಕಾರು ನಿಲ್ಲಿಸಿ ಇದನ್ನು ಅಳೆದು, 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗಂಟೆಯಲ್ಲಿ ಕಾರಿನ ಒಳಗಿನ ಉಷ್ಣತೆ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರಿತ್ತು. ಈ ಏರಿಕೆಯಲ್ಲಿ ಶೇಕಡಾ 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ ಆಗಿಹೋಗಿತ್ತು. ಕಿಟಕಿಯನ್ನು ಸ್ವಲ್ಪ ತೆರೆದಿಟ್ಟರೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಹೊರಗೆ ಹಿತವಾದ 30 ಡಿಗ್ರಿ ಇರುವ ದಿನವೂ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಗಂಟೆಯೊಳಗೆ 50 ಡಿಗ್ರಿ ದಾಟಬಹುದು. ಇನ್ನು ಹೊರಗೇ 40 ಡಿಗ್ರಿ ಮುಟ್ಟುವ ರಾಯಚೂರು, ಕಲಬುರಗಿಯ ಬೇಸಿಗೆಯನ್ನು ನೀವೇ ಊಹಿಸಿ.

ನಾಯಿಗೆ ಬೆವರುವುದು ಗೊತ್ತಿಲ್ಲ

ನಮಗೆ ಸೆಕೆಯಾದರೆ ಮೈಯೆಲ್ಲ ಬೆವರುತ್ತದೆ. ಬೆವರು ಆರುವಾಗ ಮೈ ತಂಪಾಗುತ್ತದೆ. ನಾಯಿಯ ಮೈ ಹಾಗೆ ಬೆವರುವುದಿಲ್ಲ. ಪಂಜದ ಅಡಿಯಲ್ಲಿ ಮಾತ್ರ ಸ್ವಲ್ಪ ಬೆವರುತ್ತದೆ, ಅದು ಸಾಲದು. ಹಾಗಾಗಿ ನಾಯಿ ಬಾಯಿ ತೆರೆದು, ನಾಲಿಗೆ ಚಾಚಿ ಏದುಸಿರು ಬಿಡುತ್ತದೆ. ನಾಲಿಗೆ ಮತ್ತು ಬಾಯಿಯ ತೇವ ಆವಿಯಾಗಿ ದೇಹದ ಶಾಖವನ್ನು ಕೊಂಡೊಯ್ಯುತ್ತದೆ. ಆದರೆ ಮುಚ್ಚಿದ ಕಾರಿನಲ್ಲಿ ಗಾಳಿ ಬಿಸಿ. ನಾಯಿಯ ಉಸಿರಿನಿಂದಲೇ ಅದು ತೇವವೂ ಆಗುತ್ತದೆ. ಆಗ ನಾಲಿಗೆಯ ತೇವ ಆರುವುದು ಹೇಗೆ? ಎಷ್ಟು ಏದುಸಿರು ಬಿಟ್ಟರೂ ಮೈ ತಂಪಾಗದು.

ಆರೋಗ್ಯವಂತ ನಾಯಿಯ ದೇಹದ ಉಷ್ಣತೆ ಸುಮಾರು 38ರಿಂದ 39 ಡಿಗ್ರಿ. ಅದು 41 ಡಿಗ್ರಿ ದಾಟಿದರೆ ಮಿದುಳು, ಮೂತ್ರಪಿಂಡ, ಯಕೃತ್ತುಗಳಿಗೆ ಪೆಟ್ಟು ಬೀಳುತ್ತದೆ, ಪ್ರಾಣವೂ ಹೋಗಬಹುದು. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯ ನಾಯಿಗಳಿಗೆ ಅಪಾಯ ಹೆಚ್ಚು, ಏಕೆಂದರೆ ಅವುಗಳ ಉಸಿರಿನ ದಾರಿಯೇ ಇಕ್ಕಟ್ಟು. ಮರಿಗಳು, ಮುದಿ ನಾಯಿಗಳು, ದಪ್ಪ ಮೈಯವು, ಹಸ್ಕಿಯಂಥ ದಟ್ಟ ಕೂದಲಿನವು ಕೂಡ ಬೇಗ ಸೋಲುತ್ತವೆ. ಬಾಗಲಕೋಟೆಯ ಬಿಸಿಲಲ್ಲಿ ಬೆಳೆದ, ತೆಳುಮೈಯ ನಮ್ಮ ಮುಧೋಳ ನಾಯಿಯೂ ಮುಚ್ಚಿದ ಕಾರಿನಲ್ಲಿ ತಾಳಲಾರದು.

ಬಿಸಿಲು ಬಡಿದರೆ ಏನು ಮಾಡಬೇಕು?

ನಿಲ್ಲದ ಏದುಸಿರು, ಅಂಟು ಜೊಲ್ಲು, ಕಡು ಕೆಂಪಾದ ಒಸಡು, ತೂರಾಟ, ವಾಂತಿ – ಇವು ಲಕ್ಷಣಗಳು. ಕೊನೆಗೆ ನಾಯಿ ಕುಸಿದು ಬೀಳುತ್ತದೆ. ಕೂಡಲೇ ನೆರಳಿಗೆ ತನ್ನಿ. ನಲ್ಲಿಯ ತಣ್ಣೀರನ್ನು ಮೈಮೇಲೆ, ಹೊಟ್ಟೆಯ ಅಡಿಗೆ, ಪಂಜಗಳಿಗೆ ಸುರಿಯುತ್ತಾ ಗಾಳಿ ಬೀಸಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಅದು ಶಾಖವನ್ನು ಒಳಗೇ ಹಿಡಿದಿಡುತ್ತದೆ. ಎಚ್ಚರವಿದ್ದರೆ ಸ್ವಲ್ಪ ಸ್ವಲ್ಪ ನೀರು ಕುಡಿಸಿ, ಬಲವಂತವಾಗಿ ಬಾಯಿಗೆ ಹಾಕಬೇಡಿ. ಚೇತರಿಸಿಕೊಂಡಂತೆ ಕಂಡರೂ ಪಶುವೈದ್ಯರಿಗೆ ತೋರಿಸಲೇಬೇಕು. ಒಳಗಿನ ಪೆಟ್ಟು ತಡವಾಗಿ ಕಾಣಿಸಬಹುದು.

ಬೇರೆಯವರ ಕಾರಿನಲ್ಲಿ ನಾಯಿ ಒದ್ದಾಡುವುದು ಕಂಡರೆ, ಮಕ್ಕಳೇ, ನೀವೇ ಗಾಜು ಒಡೆಯಲು ಹೋಗಬೇಡಿ. ಕಾರಿನ ನಂಬರ್ ನೋಡಿಕೊಂಡು ತಕ್ಷಣ ದೊಡ್ಡವರಿಗೆ ಹೇಳಿ. ಅಂಗಡಿಯಲ್ಲೋ ಮಂಟಪದಲ್ಲೋ ಮೈಕಿನಲ್ಲಿ ಕೂಗಿಸಿ. ಮಾಲೀಕರು ಸಿಗದಿದ್ದರೆ ದೊಡ್ಡವರು 112ಕ್ಕೆ ಕರೆ ಮಾಡಲಿ. ಪ್ರಾಣಿಗಳಿಗೆ ಅನಗತ್ಯ ನೋವು ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಜೀವಿಗಳ ಮೇಲೆ ದಯೆ ತೋರುವುದು ನಮ್ಮ ಸಂವಿಧಾನ ಹೇಳುವ ಮೂಲಭೂತ ಕರ್ತವ್ಯಗಳಲ್ಲೂ ಸೇರಿದೆ.

ಒಂದು ಪ್ರಯೋಗ

ಈ ಭಾನುವಾರ ತಾತನ ಅಥವಾ ಅಜ್ಜಿಯ ಜೊತೆ ಇದನ್ನು ಮಾಡಿ ನೋಡಿ. ಗೋಡೆಗೆ ತೂಗುಹಾಕುವ ಥರ್ಮಾಮೀಟರ್ ಒಂದನ್ನು ಖಾಲಿ ಕಾರಿನ ಹಿಂದಿನ ಸೀಟಿನಲ್ಲಿ, ನೇರ ಬಿಸಿಲು ಬೀಳದಂತೆ ಇಡಿ. ಜ್ವರ ನೋಡುವ ಥರ್ಮಾಮೀಟರ್ ಬೇಡ, ಅದು ಅಷ್ಟು ಶಾಖವನ್ನು ಅಳೆಯಲಾರದು. ಪಕ್ಕದಲ್ಲಿ ಒಂದು ಚಾಕೊಲೇಟ್ ಇಡಿ. ದೊಡ್ಡವರು ಕಾರಿಗೆ ಬೀಗ ಹಾಕಿ ಕೀಲಿಯನ್ನು ಕೈಯಲ್ಲೇ ಇಟ್ಟುಕೊಳ್ಳಲಿ. ಹತ್ತು ನಿಮಿಷಕ್ಕೊಮ್ಮೆ ಹೊರಗಿನಿಂದಲೇ ನೋಡಿ ಅಂಕಿ ಬರೆದುಕೊಳ್ಳಿ. ಅರ್ಧ ಗಂಟೆಯ ಮೇಲೆ ಚಾಕೊಲೇಟಿನ ಗತಿ ನೋಡಿ. ಒಂದು ಮಾತು ಮರೆಯಬೇಡಿ: ನಿಂತ ಕಾರಿನೊಳಗೆ ನೀವು ಕೂತು ಆಡಲೇಬಾರದು. ನಾಯಿಗೆ ಆಗುವುದೇ ಮಕ್ಕಳಿಗೂ ಆಗುತ್ತದೆ.

ನಮ್ಮ ಮನೆಯಲ್ಲೀಗ ನಿಯಮ ಸರಳ: ಚಿನ್ನುವನ್ನು ಇಳಿಸಿ ಜೊತೆಗೆ ಕರೆದೊಯ್ಯಲು ಆಗದ ಕಡೆಗೆ ಚಿನ್ನು ಬರುವುದಿಲ್ಲ. ಇಲ್ಲವೇ ನಮ್ಮಲ್ಲಿ ಒಬ್ಬರು ಹೊರಗೆ ನೆರಳಿನಲ್ಲಿ ನೀರಿನ ಬಟ್ಟಲು ಇಟ್ಟುಕೊಂಡು ಅದರ ಜೊತೆ ಕೂರಬೇಕು. ಮೊನ್ನೆ ಒಂದು ಗೃಹಪ್ರವೇಶದಲ್ಲಿ ಹಾಗೆ ಕೂತವನು ನಾನೇ. ಮೊಮ್ಮಗಳು ಎಲೆಯಲ್ಲಿ ಹೋಳಿಗೆ ತಂದುಕೊಟ್ಟು, “ಐದೇ ನಿಮಿಷ ತಾತ, ಊಟ ಮಾಡಿ ಬರ್ತೀನಿ” ಎಂದು ನಕ್ಕಳು. ಅವಳ ಐದು ನಿಮಿಷ ಮುಗಿಯಲು ಒಂದು ಗಂಟೆ ಹಿಡಿಯಿತು. ಚಿನ್ನು ಮಾತ್ರ ನನ್ನ ಕಾಲ ಬಳಿ ತಣ್ಣಗೆ ನಿದ್ದೆ ಮಾಡಿತು.